ಚೇಣಿಗೆ ಹೋಗದ ಮರ: ರಫೀನ್ಯಾ ಯುರೋಪಿನಲ್ಲಿ ಏರಿದ ಮೆಟ್ಟಿಲು

2022ರ ಮೇ 22. ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ ಮುಗಿದಿತ್ತು. ಗೆದ್ದ ತಂಡದ ಆಟಗಾರರೊಬ್ಬರು ಹುಲ್ಲಿನ ಮೇಲೆ ಮಂಡಿಯೂರಿ, ಒಂದೊಂದೇ ಮಂಡಿ ಮುಂದಿಡುತ್ತ, ಈ ತುದಿಯಿಂದ ಆ ತುದಿಯವರೆಗೆ ಮೈದಾನವನ್ನು ದಾಟಿದರು. ಉರುಳುಸೇವೆ ಕಂಡು ಬೆಳೆದ ನಮಗೆ ಅದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹರಕೆಯ ನಡಿಗೆ ಎಲ್ಲ ಊರಿನಲ್ಲೂ ಒಂದೇ ರೀತಿ ಕಾಣುತ್ತದೆ.

ಅವರು ಗೆದ್ದದ್ದು ಕಪ್ ಅಲ್ಲ. ಲೀಡ್ಸ್ ಯುನೈಟೆಡ್ ಎಂಬ ತಂಡ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ದರ್ಜೆಗೆ ಬೀಳದೆ ಉಳಿದುಕೊಂಡಿತ್ತು, ಅಷ್ಟೇ. ಇಪ್ಪತ್ತು ತಂಡಗಳಲ್ಲಿ ಹದಿನೇಳನೇ ಸ್ಥಾನ. ಪಂದ್ಯದ ಮೊದಲ ಗೋಲನ್ನು ಪೆನಾಲ್ಟಿಯಿಂದ ಹೊಡೆದವರೂ ಮಂಡಿಯಲ್ಲಿ ನಡೆದವರೂ ಒಬ್ಬರೇ: ರಫೇಲ್ ಡಿಯಾಸ್ ಬೆಲೊಲಿ, ಎಲ್ಲರ ಬಾಯಲ್ಲಿ ರಫೀನ್ಯಾ. ಆಗ ವಯಸ್ಸು 25. ಬ್ರೆಜಿಲ್‌ನ ತಾರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಪ್ಪತ್ತೈದರ ಹೊತ್ತಿಗೆ ಬ್ರೆಜಿಲ್‌ನ ರೊನಾಲ್ಡೊ ಎರಡು ವಿಶ್ವಕಪ್ ತಂಡಗಳಲ್ಲಿದ್ದು ಮೂರನೆಯದಕ್ಕೆ ಸಜ್ಜಾಗಿದ್ದರು. ರಫೀನ್ಯಾ ಅಲ್ಲಿಯವರೆಗೆ ಯುರೋಪಿನ ಅಗ್ರ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಮೂರು ವರ್ಷಗಳ ನಂತರ ಅದೇ ಚಾಂಪಿಯನ್ಸ್ ಲೀಗ್‌ನಲ್ಲಿ ಒಂದೇ ಋತುವಿನಲ್ಲಿ 13 ಗೋಲು ಹೊಡೆದು, ಡಾರ್ಟ್‌ಮಂಡ್‌ನ ಸೆರು ಗಿರಾಸಿ ಅವರೊಂದಿಗೆ ಅತಿ ಹೆಚ್ಚು ಗೋಲುಗಳ ಸ್ಥಾನ ಹಂಚಿಕೊಂಡವರು ಇವರೇ. ನಡುವೆ ಏನಾಯಿತು ಎಂಬುದು ಒಂದು ಪ್ರಶ್ನೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಇಂಥವರನ್ನು ಬ್ರೆಜಿಲ್‌ನ ಮಾರುಕಟ್ಟೆ ಯಾಕೆ ಮೊದಲೇ ಗುರುತಿಸಲಿಲ್ಲ ಎಂಬುದು.

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತೇವೆ. ಯುರೋಪಿನ ದೊಡ್ಡ ಕ್ಲಬ್‌ಗಳು ಈ ಗಾದೆಯನ್ನು ವೇದವಾಕ್ಯ ಮಾಡಿಕೊಂಡು ಹತ್ತು ವರ್ಷಗಳಾಗುತ್ತಿವೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಚೇಣಿ ಎಂಬ ಪದ್ಧತಿ ಇದೆ. ಕಾಯಿ ಇನ್ನೂ ಮರದಲ್ಲಿರುವಾಗಲೇ ಫಸಲಿಗೆ ಬೆಲೆ ಕಟ್ಟಿ ವ್ಯಾಪಾರಿಗೆ ವಹಿಸಿಬಿಡುವುದು. ಕೈಗೆ ಮುಂಗಡ ಬರುತ್ತದೆ, ಮಳೆ-ಕೊಳೆಯ ಚಿಂತೆ ವ್ಯಾಪಾರಿಯ ಪಾಲಾಗುತ್ತದೆ. ಬ್ರೆಜಿಲ್‌ನ ಕ್ಲಬ್‌ಗಳು ಈಗ ಮಾಡುತ್ತಿರುವುದು ಹೆಚ್ಚೂಕಡಿಮೆ ಇದನ್ನೇ. ವಿನೀಸಿಯಸ್ ಜೂನಿಯರ್ ಫ್ಲಮೆಂಗೊ ಹಿರಿಯರ ತಂಡಕ್ಕೆ ಮೊದಲ ಬಾರಿ ಅಂಗಳಕ್ಕಿಳಿದದ್ದು 2017ರ ಮೇ 13ರಂದು, ಬದಲಿ ಆಟಗಾರನಾಗಿ, ಕೆಲವೇ ನಿಮಿಷ. ಹತ್ತು ದಿನ ಕಳೆಯುವಷ್ಟರಲ್ಲಿ ರಿಯಲ್ ಮ್ಯಾಡ್ರಿಡ್ 4.5 ಕೋಟಿ ಯೂರೊಗೆ ವ್ಯವಹಾರ ಮುಗಿಸಿತ್ತು. ಹುಡುಗನಿಗೆ ಹದಿನಾರು.

ಹದಿನಾರರ ಹುಡುಗನನ್ನು ಕೊಂಡರೂ ಕರೆದೊಯ್ಯುವಂತಿಲ್ಲ. ವಿಶ್ವ ಫುಟ್‌ಬಾಲ್‌ನ ಆಡಳಿತ ಸಂಸ್ಥೆ ಫಿಫಾದ ನಿಯಮಾವಳಿಯ 19ನೇ ವಿಧಿ ಹದಿನೆಂಟು ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧಿಸುತ್ತದೆ. ಮಕ್ಕಳನ್ನು ಸಾಗಿಸಿ ಬೀದಿಪಾಲು ಮಾಡುವ ದಂಧೆಯನ್ನು ತಡೆಯಲು ಬಂದ ನಿಯಮ ಅದು, ಒಳ್ಳೆಯ ನಿಯಮವೇ. ಆದರೆ ಅದು ಸಾಗಾಟವನ್ನು ತಡೆಯಿತೇ ಹೊರತು ಮಾರಾಟವನ್ನಲ್ಲ. ಹಾಗಾಗಿ ಮಾರಾಟವಾಗಿಯೂ ಮನೆಯಲ್ಲೇ ಉಳಿದ ಆಟಗಾರರ ಒಂದು ವಿಚಿತ್ರ ವರ್ಗ ಹುಟ್ಟಿಕೊಂಡಿದೆ. 2025ರ ಜುಲೈ 4ರಂದು ಫಿಲಡೆಲ್ಫಿಯಾದಲ್ಲಿ ನಡೆದ ಕ್ಲಬ್ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಇದರ ಪರಾಕಾಷ್ಠೆ ಕಂಡಿತು. ಬ್ರೆಜಿಲ್‌ನ ಪಾಲ್ಮೆರಾಸ್ ಪರ ಆಡಿದ ಹದಿನೆಂಟರ ಎಸ್ತೆವಾವ್ ಬಲು ಕಿರಿದಾದ ಕೋನದಿಂದ ಚೆಂಡನ್ನು ಇಂಗ್ಲೆಂಡಿನ ಚೆಲ್ಸಿಯ ಗೋಲಿಗೆ ತೂರಿಸಿದರು. ಚೆಲ್ಸಿ ಅವರನ್ನು ಒಂದು ವರ್ಷದ ಹಿಂದೆಯೇ ಕೊಂಡಿತ್ತು! ಪಾಲ್ಮೆರಾಸ್ 1–2ರಿಂದ ಸೋತಿತು, ಹುಡುಗ ತಾನು ಯಾರ ವಿರುದ್ಧ ಗೋಲು ಹೊಡೆದಿದ್ದನೋ ಅವರ ಮನೆಗೇ ಹೊರಟ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ನಮಗೆ ಫುಟ್‌ಬಾಲ್ ವರ್ಗಾವಣೆಯ ಮೊತ್ತ ತಪ್ಪಾಗಿ ಅರ್ಥವಾಗುತ್ತದೆ. ಹರಾಜಿನಲ್ಲಿ ಕೂಗಿದ ಹಣ ಆಟಗಾರನ ಸಂಬಳ. ಫುಟ್‌ಬಾಲ್‌ನಲ್ಲಿ ಆ ಹಣ ಹೋಗುವುದು ಮಾರಿದ ಕ್ಲಬ್‌ಗೆ. ಆಟಗಾರನ ಸಂಬಳ ಬೇರೆ ಒಪ್ಪಂದ, ಏಜೆಂಟನ ಪಾಲು ಬೇರೆ. 4.5 ಕೋಟಿಯ ಹುಡುಗ ಎಂದರೆ ಅವನ ಕೈಗೆ 4.5 ಕೋಟಿ ಬಂತೆಂದಲ್ಲ. ಅವನ ಹೆಗಲಿಗೆ ಬಂತು ಎಂದರೆ ಸರಿಹೋದೀತು.

ರಫೀನ್ಯಾ ಅವರನ್ನು ಹಾಗೆ ಯಾರೂ ಚೇಣಿಗೆ ಹಿಡಿಯಲಿಲ್ಲ.

ಅವರು ಹುಟ್ಟಿದ್ದು 1996ರ ಡಿಸೆಂಬರ್ 14ರಂದು, ಬ್ರೆಜಿಲ್‌ನ ದಕ್ಷಿಣ ತುದಿಯ ಪೋರ್ಟೊ ಅಲೆಗ್ರೆಯಲ್ಲಿ. ಬೆಳೆದದ್ದು ಅದೇ ನಗರದ ಅಂಚಿನ ರೆಸ್ಟಿಂಗಾದಲ್ಲಿ, ಬಡವರ ಬಡಾವಣೆ. ತಂದೆ ಸಂಗೀತಗಾರ. ಬ್ರೆಜಿಲ್‌ನ ತಾರೆ ರೊನಾಲ್ಡೀನ್ಯೊ ಕುಟುಂಬದ ಬಳಗದಲ್ಲಿ ಅವರಿಗೆ ಸ್ನೇಹವಿತ್ತು. ಆ ಸ್ನೇಹದಿಂದ ಹುಡುಗನಿಗೆ ಒಬ್ಬ ಆರಾಧ್ಯದೈವ ಸಿಕ್ಕಿತು, ಕ್ಲಬ್ ಸಿಗಲಿಲ್ಲ. ಪೋರ್ಟೊ ಅಲೆಗ್ರೆಯಲ್ಲಿ ಗ್ರೆಮಿಯೊ, ಇಂಟರ್‌ನಾಸಿಯೊನಲ್ ಎಂಬ ಎರಡು ದೈತ್ಯ ಕ್ಲಬ್‌ಗಳಿವೆ. ಈ ಎರಡೂ ಬಾಗಿಲುಗಳ ಮೂಲಕ ಅವರ ವೃತ್ತಿ ಆರಂಭವಾಗಲಿಲ್ಲ. ಅವರು ಪಳಗಿದ್ದು ‘ವರ್ಜಿಯಾ’ ಎಂದು ಕರೆಯುವ ಬಡಾವಣೆಯ ಫುಟ್‌ಬಾಲ್‌ನಲ್ಲಿ. ಮಣ್ಣಿನ ಮೈದಾನ, ಗೆರೆಯ ಪಕ್ಕದಲ್ಲೇ ನಿಂತು ಬೈಯುವ ಜನ, ತರಬೇತಿಗಿಂತ ಜಗಳವೇ ಹೆಚ್ಚು ಕಲಿಸುವ ಪಂದ್ಯಗಳು. ತರಬೇತಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಹಸಿವಾದಾಗ ಬೀದಿಯಲ್ಲಿ ಅಪರಿಚಿತರನ್ನು ತಿನ್ನಲು ಕೇಳುತ್ತಿದ್ದುದನ್ನು, ಕೆಲವರು ಕೊಡಿಸಿದ್ದನ್ನು, ಕೆಲವರು ಸೋಮಾರಿ ಎಂದು ಬೈದದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ತನಗಿಂತ ಚೆನ್ನಾಗಿ ಆಡುತ್ತಿದ್ದ ಗೆಳೆಯರು ಮಾದಕ ವಸ್ತುವಿನ ದಂಧೆಗೆ ಬಲಿಯಾದರು ಎಂದೂ ಹೇಳಿದ್ದಾರೆ. ಈ ಎರಡನೇ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹೆಸರಿನ ಬಗ್ಗೆ ಒಂದು ಅಡ್ಡಮಾತು. ಬ್ರೆಜಿಲಿಗರು ಪದದ ಆರಂಭದ ‘ರ’ವನ್ನು ಹೆಚ್ಚಾಗಿ ‘ಹ’ ಎಂದೇ ಉಚ್ಚರಿಸುತ್ತಾರೆ. ಅವರ ಬಾಯಲ್ಲಿ ಇದು ‘ಹಫೀನ್ಯ’. ಪುಟ್ಟ ರಫಾ ಎಂಬ ಅರ್ಥದ ಮುದ್ದಿನ ಹೆಸರು. ನಮ್ಮ ಪತ್ರಿಕೆಗಳ ರಫಿನ್ಹಾ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದ್ದು. ನಾನು ನಡುದಾರಿ ಹಿಡಿದಿದ್ದೇನೆ.

ನೆರೆಯ ರಾಜ್ಯದ ಫ್ಲೊರಿಯಾನೊಪೊಲಿಸ್ ನಗರದ ಅವಾಯ್ ಎಂಬ ಮಧ್ಯಮ ಗಾತ್ರದ ಕ್ಲಬ್ ಅವರನ್ನು ಕಿರಿಯರ ತಂಡಕ್ಕೆ ಸೇರಿಸಿಕೊಂಡಿತು. ಇಂದು ಆರ್ಸೆನಲ್ ರಕ್ಷಣೆಯ ಕಂಬವಾಗಿರುವ ಗೇಬ್ರಿಯಲ್ ಮಗಲ್ಯಾಯಿಸ್ ಕೂಡ ಅದೇ ಕ್ಲಬ್‌ನ ಅದೇ ಕಾಲದ ಹುಡುಗ. ಅವಾಯ್ ಹಿರಿಯರ ತಂಡದಲ್ಲಿ ಒಂದೂ ಪಂದ್ಯ ಆಡದೆ, 2016ರ ಆರಂಭದಲ್ಲಿ ಹತ್ತೊಂಬತ್ತರ ರಫೀನ್ಯಾ ಪೋರ್ಚುಗಲ್‌ನ ವಿಟೋರಿಯಾ ಗಿಮರಾಯಿಸ್‌ಗೆ ಹೋದರು. ಆಗ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಡೆಕೊ. ಈ ಡೆಕೊ ಸ್ವತಃ ಬ್ರೆಜಿಲ್‌ನಲ್ಲಿ ಹುಟ್ಟಿ, ಹತ್ತೊಂಬತ್ತರಲ್ಲೇ ಪೋರ್ಚುಗಲ್‌ಗೆ ಬಂದು, ಬೆನ್ಫಿಕಾದ ಅಂಗಳದಲ್ಲಿ ಜಾಗ ಸಿಗದೆ ಸಣ್ಣಪುಟ್ಟ ಕ್ಲಬ್‌ಗಳಲ್ಲಿ ಸವೆದು, ಅಲ್ಲಿನದೇ ಪೋರ್ಟೊ ಕ್ಲಬ್ ಮೂಲಕ ಬಾರ್ಸಿಲೋನಾ ತಲುಪಿ, ಎರಡೂ ಕಡೆ ಚಾಂಪಿಯನ್ಸ್ ಲೀಗ್ ಗೆದ್ದವರು. ತಾನು ಏರಿದ ಮೆಟ್ಟಿಲಿನ ಬುಡದಲ್ಲೇ ಇನ್ನೊಬ್ಬ ಹುಡುಗನನ್ನು ತಂದು ನಿಲ್ಲಿಸಿದರು.

ಪೋರ್ಚುಗಲ್ ಯಾಕೆ ಎಂಬುದಕ್ಕೆ ಭಾಷೆ ಒಂದೇ ಕಾರಣವಲ್ಲ. ಸ್ಪೇನ್‌ನ ಲೀಗ್‌ನಲ್ಲಿ ಒಂದು ತಂಡ ಐರೋಪ್ಯ ಒಕ್ಕೂಟದ ಹೊರಗಿನ ಮೂವರನ್ನು ಮಾತ್ರ ಅಂಗಳಕ್ಕಿಳಿಸಬಹುದು. ಪೋರ್ಚುಗಲ್‌ನಲ್ಲಿ ಅಂಥ ಮಿತಿ ಇಲ್ಲ. ಸ್ಪೇನ್‌ನಲ್ಲಿ ಆ ಮೂರು ಜಾಗಗಳಲ್ಲಿ ಒಂದನ್ನು ಹತ್ತೊಂಬತ್ತರ ಅನಾಮಿಕನಿಗೆ ಯಾವ ಕೋಚೂ ಕೊಡುವುದಿಲ್ಲ. ಪೋರ್ಚುಗಲ್‌ನಲ್ಲಿ ಅವನಿಗೆ ಜಾಗ ಕೊಡುವುದೇ ವ್ಯಾಪಾರ. ಅಲ್ಲಿನ ಕ್ಲಬ್‌ಗಳು ಹಸಿಯಾಗಿ ಕೊಂಡು, ಹದ ಮಾಡಿ, ಮೇಲಿನವರಿಗೆ ಮಾರಿ ಬದುಕುತ್ತವೆ. ಗೋಲ್‌ಕೀಪರ್ ಎಡರ್ಸನ್ ಅವರ ದಾರಿ ನೋಡಿ: ಬೆನ್ಫಿಕಾದ ಕಿರಿಯರ ತಂಡ, ಅಲ್ಲಿಂದ ಕೈಬಿಟ್ಟ ಮೇಲೆ ರಿಬೆರಾವ್ ಎಂಬ ಕೆಳದರ್ಜೆಯ ಕ್ಲಬ್, ರಿಯೊ ಆವೆ, ಮತ್ತೆ ಬೆನ್ಫಿಕಾ, ಅಲ್ಲಿಂದ ಮ್ಯಾಂಚೆಸ್ಟರ್ ಸಿಟಿ.

ರಫೀನ್ಯಾ ಅವರ ಮೆಟ್ಟಿಲುಗಳಿಗೆ ಪತ್ರಿಕೆಗಳು ಕೊಟ್ಟ ಬೆಲೆ ಹೀಗಿದೆ. 2018ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ ಕೊಂಡದ್ದು ಸುಮಾರು 65 ಲಕ್ಷ ಯೂರೊಗೆ. ಆ ವರ್ಷ ಮೇ ತಿಂಗಳಲ್ಲಿ ಮುಸುಕು ಹಾಕಿದ ಅಭಿಮಾನಿಗಳು ತರಬೇತಿ ಕೇಂದ್ರಕ್ಕೆ ನುಗ್ಗಿ ಸ್ಪೋರ್ಟಿಂಗ್‌ನ ಆಟಗಾರರನ್ನೇ ಹೊಡೆದಿದ್ದರು. ಹಲವರು ಒಪ್ಪಂದ ಹರಿದು ಹೊರಟಿದ್ದರು. ಸುಖದ ದಿನಗಳಲ್ಲಿ ತೆರೆಯದ ಬಾಗಿಲು ಇಂಥ ಹೊತ್ತಿನಲ್ಲಿ ತೆರೆಯುತ್ತದೆ. ಒಂದೇ ವರ್ಷದಲ್ಲಿ ಪೋರ್ಚುಗಲ್‌ನ ಎರಡು ಕಪ್ ಗೆದ್ದು, 2019ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ರೆನ್‌ಗೆ, ಸುಮಾರು 2.1 ಕೋಟಿ ಯೂರೊಗೆ. ಅಲ್ಲಿ ತಂಡವನ್ನು ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್‌ಗೆ ತಲುಪಿಸುವುದರಲ್ಲಿ ಪಾಲ್ಗೊಂಡು, ಆ ಲೀಗ್ ಶುರುವಾಗುವ ಮುನ್ನವೇ 2020ರ ಅಕ್ಟೋಬರ್‌ನಲ್ಲಿ ಸುಮಾರು 1.7 ಕೋಟಿ ಪೌಂಡ್‌ಗೆ ಲೀಡ್ಸ್‌ಗೆ. ಕೋವಿಡ್ ಕಾಲ, ಎಲ್ಲರ ಗಲ್ಲಾಪೆಟ್ಟಿಗೆಯೂ ಬರಿದಾಗಿತ್ತು. ರೆನ್ ಹೆಚ್ಚೂಕಡಿಮೆ ಕೊಂಡ ಬೆಲೆಗೇ ಬಿಟ್ಟುಕೊಟ್ಟಿತು.

ಚಾಂಪಿಯನ್ಸ್ ಲೀಗ್ ಬಿಟ್ಟು, ಹದಿನಾರು ವರ್ಷ ಕೆಳಗಿದ್ದು ಆಗಷ್ಟೇ ಮೇಲೆ ಬಂದ ತಂಡಕ್ಕೆ ಹೋಗುವುದು ಹಿಂದಡಿಯಂತೆ ಕಂಡಿತ್ತು. ನನ್ನ ಪ್ರಕಾರ ಅವರ ವೃತ್ತಿಯ ಅತಿ ಮುಖ್ಯ ಮೆಟ್ಟಿಲು ಅದೇ.

ಲೀಡ್ಸ್‌ನ ಕೋಚ್ ಆಗ ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ. ಅವರ ತರಬೇತಿಯಲ್ಲಿ ‘ಮರ್ಡರ್‌ಬಾಲ್’ ಎಂದು ಆಟಗಾರರೇ ಹೆಸರಿಟ್ಟ ಅಭ್ಯಾಸವೊಂದಿತ್ತು. ಹನ್ನೊಂದು ಜನರ ಎದುರು ಹನ್ನೊಂದು ಜನ. ಫೌಲ್ ಇಲ್ಲ, ಥ್ರೋ ಇಲ್ಲ, ಚೆಂಡು ಗೆರೆ ದಾಟಿದರೆ ಪಕ್ಕದಲ್ಲಿ ನಿಂತ ಸಹಾಯಕ ತಕ್ಷಣ ಇನ್ನೊಂದನ್ನು ಒಳಗೆ ಎಸೆಯುತ್ತಾನೆ. ನಿಲ್ಲುವಂತಿಲ್ಲ, ಸೊಂಟಕ್ಕೆ ಕೈಯಿಟ್ಟು ಉಸಿರು ತೆಗೆದುಕೊಳ್ಳುವಂತಿಲ್ಲ. ಪಂದ್ಯದಲ್ಲಿ ಪ್ರತಿಯೊಬ್ಬನಿಗೂ ಎದುರಾಳಿಯಲ್ಲಿ ಒಬ್ಬನ ಹೊಣೆ. ಅವನು ಎಲ್ಲಿಗೆ ಓಡಿದರೆ ಅಲ್ಲಿಗೆ ಓಡಬೇಕು. ರೆಕ್ಕೆಯಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಆಡುವ ಬ್ರೆಜಿಲಿಗ ಎಂದರೆ ಚೆಂಡು ಬರಲಿ ಎಂದು ಕಾಯುವವನು ಎಂಬುದು ಹಳೆಯ ನಂಬಿಕೆ. ಆ ಐಷಾರಾಮ ಇಲ್ಲಿ ಯಾರಿಗೂ ಇರಲಿಲ್ಲ. ಮೊದಲ ಋತುವಿನಲ್ಲಿ ಲೀಡ್ಸ್ ಒಂಬತ್ತನೇ ಸ್ಥಾನ ಪಡೆಯಿತು. ಎರಡನೆಯದರಲ್ಲಿ ಬಿಯೆಲ್ಸಾ ಕೆಲಸ ಕಳೆದುಕೊಂಡರು, ತಂಡ ಅಂಚಿಗೆ ಬಂತು, ರಫೀನ್ಯಾ 11 ಗೋಲು ಹೊಡೆದು ಅದನ್ನು ಹಿಡಿದು ನಿಲ್ಲಿಸಿದರು. ಆರಂಭದಲ್ಲಿ ಹೇಳಿದ ಮಂಡಿ ನಡಿಗೆ ಆ ಋತುವಿನ ಕೊನೆಯ ದಿನದ್ದು.

ಆ ಬೇಸಿಗೆಯಲ್ಲಿ ಚೆಲ್ಸಿ ಹಣದ ಮಾತು ಮುಗಿಸಿದ್ದರೂ ರಫೀನ್ಯಾ ಹಟ ಹಿಡಿದು ಬಾರ್ಸಿಲೋನಾಗೆ ಕಾದರು. ರೊನಾಲ್ಡೀನ್ಯೊ ಆಡಿದ ಅಂಗಿ ಅದು. ಸುಮಾರು 5.8 ಕೋಟಿ ಯೂರೊ, ಮೇಲೆ ಷರತ್ತುಬದ್ಧ ಮೊತ್ತ. ಬಾರ್ಸಿಲೋನಾ ಬಳಿ ಹಣವಿತ್ತೇ ಎಂದರೆ ಇರಲಿಲ್ಲ. ಲೀಗ್ ಪ್ರಸಾರ ಹಕ್ಕಿನ ಆದಾಯದಲ್ಲಿ ಕಾಲು ಭಾಗವನ್ನು 25 ವರ್ಷಗಳ ಕಾಲಕ್ಕೆ ಅಮೆರಿಕದ ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿ ಹಣ ಹೊಂದಿಸಿತ್ತು. ಚೇಣಿ ಎಂಬುದು ಬಡವರ ಪದ್ಧತಿ ಮಾತ್ರ ಅಲ್ಲ ನೋಡಿ.

ಹೀಗೆ ಸಾಲದ ಹಣದಲ್ಲಿ ಬಂದವನ ಮೇಲೆ ಎಲ್ಲರ ಕಣ್ಣು. ಮೊದಲ ಎರಡು ಋತುಗಳಲ್ಲಿ ಹತ್ತು ಹತ್ತು ಗೋಲು. ಕೆಟ್ಟದ್ದಲ್ಲ, ಆದರೆ ಆ ಬೆಲೆಗೆ ಸಾಲದು ಎಂಬುದು ಬೀದಿಯ ತೀರ್ಪು. 2023ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಗೋಲು ಹೊಡೆದ ಪಂದ್ಯದಲ್ಲೇ ಕೋಚ್ ಶಾವಿ ಹೊರಗೆ ಕರೆದಾಗ ಸಿಟ್ಟಿನಿಂದ ಬೆಂಚಿಗೆ ಗುದ್ದಿ, ಆಮೇಲೆ ಕ್ಷಮೆ ಕೇಳಿದರು. ಅಷ್ಟರಲ್ಲಿ ಅವರ ಬಲರೆಕ್ಕೆಯ ಜಾಗಕ್ಕೆ ಲಮೀನ್ ಯಮಾಲ್ ಎಂಬ ಹುಡುಗ ಬಂದ. ಅಂಥವನು ಬಂದರೆ ಜಾಗ ಬಿಡುವುದಲ್ಲದೆ ಬೇರೆ ದಾರಿ ಇರುವುದಿಲ್ಲ. 2024ರ ಬೇಸಿಗೆಯಲ್ಲಿ ಎಡರೆಕ್ಕೆಗೂ ನಿಕೊ ವಿಲಿಯಮ್ಸ್ ಅವರನ್ನು ತರಲು ಕ್ಲಬ್ ಓಡಾಡಿತು. ಬಲ ಹೋಯಿತು, ಎಡವೂ ಹೋಗುವಂತಿತ್ತು. ಬಿಟ್ಟುಹೋಗುವ ಯೋಚನೆ ತನಗೆ ಗಟ್ಟಿಯಾಗಿಯೇ ಬಂದಿತ್ತು, ಹೊಸ ಕೋಚ್ ಹಾನ್ಸಿ ಫ್ಲಿಕ್ ಕರೆ ಮಾಡಿ ತರಬೇತಿಗೆ ಬಂದು ನೋಡುವವರೆಗೆ ಏನನ್ನೂ ತೀರ್ಮಾನಿಸಬೇಡ ಎಂದರು ಎಂದು ರಫೀನ್ಯಾ ನಂತರ ಹೇಳಿದ್ದಾರೆ.

ಫ್ಲಿಕ್ ಬಳಿ ಮಾಂತ್ರಿಕ ಮದ್ದೇನೂ ಇರಲಿಲ್ಲ. ಅವರ ತಂಡದ ರಕ್ಷಣಾ ಸಾಲು ಅರ್ಧ ಮೈದಾನದವರೆಗೆ ಮುಂದೆ ಬಂದು ನಿಲ್ಲುತ್ತದೆ. ಹಿಂದೆ ದೊಡ್ಡ ಬಯಲು. ಎದುರಾಳಿಗೆ ತಲೆಯೆತ್ತಿ ನೋಡಿ ಚೆಂಡನ್ನು ಆ ಬಯಲಿಗೆ ಕಳಿಸಲು ಎರಡು ಕ್ಷಣ ಸಿಕ್ಕರೂ ಕಥೆ ಮುಗಿಯಿತು. ಆ ಎರಡು ಕ್ಷಣ ಸಿಗದಂತೆ ಮೇಲೆ ಬಿದ್ದು ಓಡುವವನು ಬೇಕು, ತೊಂಬತ್ತು ನಿಮಿಷವೂ. ಜೊತೆಗೆ, ರೆಕ್ಕೆಯ ಅಂಚಿನಲ್ಲಿ ನಿಂತು ಒಬ್ಬನನ್ನು ಎದುರಿಸಿ ದಾಟುವ ಕೆಲಸವನ್ನು ಯಮಾಲ್ ಮಾಡುತ್ತಿದ್ದರೆ, ಇನ್ನೊಂದು ಬದಿಯಿಂದ ಒಳಗೆ ನುಗ್ಗಿ ರಕ್ಷಕರ ಬೆನ್ನ ಹಿಂದಿನ ಜಾಗಕ್ಕೆ ಓಡುವವನು ಬೇಕು. ಫ್ಲಿಕ್ ರಫೀನ್ಯಾ ಅವರನ್ನು ಅಂಚಿನಿಂದ ಬಿಡಿಸಿ ಒಳಗೆ ತಂದರು. ಸ್ಪರ್ಧೆಯಲ್ಲಿ ಸೋತ ರೆಕ್ಕೆಯ ಆಟಗಾರ ಎಂದು ಎಲ್ಲರೂ ನೋಡುತ್ತಿದ್ದಾಗ ಫ್ಲಿಕ್‌ಗೆ ಕಂಡದ್ದು ಬಿಯೆಲ್ಸಾ ಶಾಲೆಯ ಓಟಗಾರ. ಈ ಹೊಂದಾಣಿಕೆ ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಹದಿನೆಂಟರಲ್ಲಿ ನೇರವಾಗಿ ಬಾರ್ಸಿಲೋನಾಗೆ ಬಂದಿದ್ದರೆ ಈ ಓಟವನ್ನು ಅವರಿಗೆ ಯಾರು ಕಲಿಸುತ್ತಿದ್ದರು? ದೊಡ್ಡ ಕ್ಲಬ್‌ಗಳಲ್ಲಿ ಕಲಿಸಲು ಸಮಯ ಇರುವುದಿಲ್ಲ.

ಫಲ: 2024–25ರಲ್ಲಿ 57 ಪಂದ್ಯ, 34 ಗೋಲು. ಹಿಂದಿನ ಎರಡು ಋತುಗಳನ್ನು ಕೂಡಿಸಿದರೂ ಇಪ್ಪತ್ತೇ ಆಗಿತ್ತು. ಲೀಗ್, ಕಿಂಗ್ಸ್ ಕಪ್, ಸೂಪರ್ ಕಪ್ ಮೂರೂ ಬಂದವು. ಬಾರ್ಸಿಲೋನಾಗೆ ತಾನು ಆಡಿದ ನೂರನೇ ಪಂದ್ಯದಲ್ಲಿ, ಮೊದಲ ನಿಮಿಷದಲ್ಲೇ ಶುರು ಮಾಡಿ, ಬಯರ್ನ್ ಮ್ಯೂನಿಕ್ ವಿರುದ್ಧ ಹ್ಯಾಟ್ರಿಕ್. ಗಾಯಗೊಂಡ ನಾಯಕರ ಬದಲಿಗೆ ಎಷ್ಟೋ ಪಂದ್ಯಗಳಲ್ಲಿ ನಾಯಕನ ಪಟ್ಟಿ ಅವರ ತೋಳಿನಲ್ಲಿತ್ತು.

ಅಂಕಿಗಳು ಹೇಳದ್ದನ್ನು 2025ರ ಜನವರಿ 21ರ ರಾತ್ರಿ ಹೇಳಿತು. ಲಿಸ್ಬನ್ನಿನಲ್ಲಿ ಬೆನ್ಫಿಕಾ ವಿರುದ್ಧ ಪಂದ್ಯ, ಅಲ್ಲಿ ಸುರಿಯುವ ಮಳೆ, ಇಲ್ಲಿ ನಮಗೆ ನಸುಕಿನ ಒಂದೂವರೆ. ಮಧ್ಯಂತರಕ್ಕೆ ಬಾರ್ಸಿಲೋನಾ 1–3ರಿಂದ ಹಿಂದೆ. ಟಿವಿ ಆರಿಸಿ ಮಲಗಿದವರನ್ನು ನಾನು ದೂರುವುದಿಲ್ಲ. ಎರಡನೇ ಅವಧಿಯಲ್ಲಿ ಬೆನ್ಫಿಕಾ ಗೋಲ್‌ಕೀಪರ್ ಟ್ರುಬಿನ್ ಚೆಂಡನ್ನು ದೂರಕ್ಕೆ ಒದೆಯಲು ಹೋದರು. ಅದು ಎದುರಿಗಿದ್ದ ರಫೀನ್ಯಾ ತಲೆಗೆ ಬಡಿದು ಹಿಂದಿರುಗಿ ಗೋಲಿನೊಳಗೆ ಹೋಯಿತು. ನಗೆ ಬರಿಸುವ ಗೋಲು. ಆದರೆ ಚೆಂಡು ಬಡಿಯಬೇಕಾದರೆ ತಲೆ ಅಲ್ಲಿರಬೇಕು. ಸೋಲುತ್ತಿರುವ ತಂಡದ ಆಟಗಾರನೊಬ್ಬ, ಏನೂ ಆಗುವ ಸಂಭವವಿಲ್ಲದ ಹೊತ್ತಿನಲ್ಲಿ, ಅಲ್ಲಿಯವರೆಗೆ ಹೋಗಿದ್ದ. ಆಮೇಲೆ 2–4 ಆಯಿತು, 3–4, 4–4. ಹೆಚ್ಚುವರಿ ಸಮಯದ ಕೊನೆಗೆ ಬೆನ್ಫಿಕಾದವರು ತಮಗೆ ಪೆನಾಲ್ಟಿ ಬೇಕೆಂದು ಕೈಯೆತ್ತಿ ಕೂಗುತ್ತಿರುವಾಗಲೇ ಚೆಂಡು ಇತ್ತ ತುದಿಗೆ ಬಂದಿತ್ತು. ಫೆರಾನ್ ಟೊರೆಸ್ ಕೊಟ್ಟ ಚೆಂಡನ್ನು ಹಿಡಿದು ರಫೀನ್ಯಾ ಬಲಬದಿಯಿಂದ ಓಡಿ, ಒಳಗೆ ತಿರುಗಿ, ಎಡಗಾಲಿನಿಂದ ಹೊಡೆದರು. 96ನೇ ನಿಮಿಷ, 5–4. ಅಷ್ಟು ಹೊತ್ತು ಓಡಿದ ಕಾಲು ಹಾಗೆ ಓಡಬಾರದು.

ಈಗ ಇದೇ ಕ್ಲಬ್‌ನಲ್ಲಿ ಇವರ ಜೊತೆಗಿದ್ದ ಇನ್ನೊಬ್ಬ ಬ್ರೆಜಿಲಿಗನನ್ನು ನೋಡೋಣ. ವಿಟೊರ್ ರೋಕ್, ಪರಾನಾ ರಾಜ್ಯದ ಅಥ್ಲೆಟಿಕೊ ಕ್ಲಬ್‌ನಿಂದ ಮೂಲ ಬೆಲೆಯೇ ಸುಮಾರು 3 ಕೋಟಿ ಯೂರೊ ಆದ ಒಪ್ಪಂದದಲ್ಲಿ 2024ರ ಜನವರಿಯಲ್ಲಿ ಬಂದಾಗ ವಯಸ್ಸು ಹದಿನೆಂಟು. ಋತುವಿನ ನಡುವೆ, ಒತ್ತಡದಲ್ಲಿದ್ದ ಕೋಚ್‌ನ ಕೈಗೆ ಸಿಕ್ಕರು. ಆಡಿದ್ದು ಹದಿನಾರು ಪಂದ್ಯ, ಹೆಚ್ಚಿನವು ಬದಲಿಯಾಗಿ. ಗೋಲು ಎರಡು. ಬೇಸಿಗೆಯಲ್ಲಿ ಎರವಲಾಗಿ ಬೆಟಿಸ್‌ಗೆ, ಮುಂದಿನ ಫೆಬ್ರುವರಿಯಲ್ಲಿ ಪಾಲ್ಮೆರಾಸ್‌ಗೆ ಮಾರಾಟ. ಇಪ್ಪತ್ತಕ್ಕೆ ಯುರೋಪ್ ಮುಗಿಸಿ ಊರಿಗೆ. ಅಲ್ಲಿ ಮತ್ತೆ ಗೋಲು ಹೊಡೆಯತೊಡಗಿದರು, ಅಂದರೆ ಆಟ ಮರೆತಿರಲಿಲ್ಲ. ಹದಿನಾರಕ್ಕೇ ರಿಯಲ್ ಮ್ಯಾಡ್ರಿಡ್‌ಗೆ ಮಾರಾಟವಾದ ಎಂಡ್ರಿಕ್ ಅವರ ಕಥೆಯೂ ಹತ್ತಿರದ್ದೇ. 2024ರಲ್ಲಿ ಮ್ಯಾಡ್ರಿಡ್ ತಲುಪಿದರು, ಬಹುಪಾಲು ಬೆಂಚಿನಲ್ಲಿ ಕುಳಿತರು, 2026ರ ಆರಂಭದಲ್ಲಿ ಎರವಲಾಗಿ ಫ್ರಾನ್ಸ್‌ನ ಲಿಯಾನ್‌ಗೆ ಹೋದರು. ರಫೀನ್ಯಾ ಆರಂಭಿಸಿದ ಮೆಟ್ಟಿಲನ್ನು ಇವರು ಮೇಲಿನಿಂದ ಇಳಿದು ಹುಡುಕಬೇಕಾಯಿತು.

ಹಾಗೆಂದು ಗಾದೆಯನ್ನು ಪೂರ್ತಿ ತಳ್ಳಿಹಾಕಲು ಆಗದು. ವಿನೀಸಿಯಸ್ ಮೂರು ವರ್ಷ ನಗೆಪಾಟಲಿಗೀಡಾದರು, ಗೋಲಿನ ಎದುರು ಕಾಲು ನಡುಗುತ್ತದೆ ಎಂದರು. ಕ್ಲಬ್ ಕಾಯಿತು. 2022 ಮತ್ತು 2024ರ ಎರಡೂ ಚಾಂಪಿಯನ್ಸ್ ಲೀಗ್ ಫೈನಲ್‌ಗಳಲ್ಲಿ ಅವರು ಗೋಲು ಹೊಡೆದರು. ರೊಡ್ರಿಗೊ ಹದಿನೆಂಟರಲ್ಲೇ ಚಾಂಪಿಯನ್ಸ್ ಲೀಗ್‌ನಲ್ಲಿ ಹ್ಯಾಟ್ರಿಕ್ ಹೊಡೆದವರು. ಚೇಣಿ ಹಿಡಿದವನಿಗೆ ಕಾಯುವ ತಾಳ್ಮೆ, ಕಾಯುವಷ್ಟು ದುಡ್ಡು ಎರಡೂ ಇದ್ದರೆ ಫಸಲು ಬರುತ್ತದೆ. ಸಾಲದಲ್ಲಿದ್ದ ಬಾರ್ಸಿಲೋನಾಗೆ ಎರಡೂ ಇರಲಿಲ್ಲ.

ಮೆಟ್ಟಿಲಿನ ದಾರಿಯನ್ನು ಹೊಗಳುವಾಗಲೂ ಎಚ್ಚರ ಬೇಕು. ಬ್ರೆಜಿಲ್‌ನಿಂದ ಹೊರಗೆ ಆಡುತ್ತಿರುವ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಖ್ಯೆ ಸಾವಿರಕ್ಕೂ ಹೆಚ್ಚು, ಯಾವ ದೇಶಕ್ಕಿಂತಲೂ ಜಾಸ್ತಿ. ಪೋರ್ಚುಗಲ್‌ನ ಎರಡನೇ, ಮೂರನೇ ದರ್ಜೆಯಲ್ಲಿ ಮೆಟ್ಟಿಲು ಹತ್ತಲಾಗದೆ ನಿಂತವರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ. ಮೇಲೆ ನೆನಪಿಟ್ಟುಕೊಳ್ಳಿ ಎಂದ ಮಾತು ಇಲ್ಲಿಗೆ ಸೇರುತ್ತದೆ: ರೆಸ್ಟಿಂಗಾದಲ್ಲಿ ರಫೀನ್ಯಾ ಅವರಿಗಿಂತ ಚೆನ್ನಾಗಿ ಆಡುತ್ತಿದ್ದವರು ಪೋರ್ಚುಗಲ್‌ವರೆಗೂ ಬರಲಿಲ್ಲ. ತಲುಪಿದವರನ್ನು ನೋಡಿ ದಾರಿ ಒಳ್ಳೆಯದು ಎನ್ನುವುದು, ನದಿ ದಾಟಿದವರನ್ನೇ ಕೇಳಿ ನದಿ ಆಳವಿಲ್ಲ ಎಂದುಕೊಂಡಂತೆ.

ತಲುಪಿದವರಿಗೂ ದಂಡ ಇದೆ. ಅದು ವಯಸ್ಸು. 2025ರ ಸೆಪ್ಟೆಂಬರ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪಟ್ಟಿ ಬಂದಾಗ ರಫೀನ್ಯಾ ಐದನೆಯವರು. ಡೆಂಬೆಲೆ, ಯಮಾಲ್, ವಿಟೀನ್ಯಾ, ಸಲಾ ಮುಂದಿದ್ದರು. ನೇಮಾರ್ ಬಹಿರಂಗವಾಗಿ ಅಸಮಾಧಾನ ತೋರಿಸಿದರು. ಮೂರು ದಿನಗಳ ನಂತರ ಒವಿಯೆಡೊದಲ್ಲಿ ತೊಡೆಯ ಸ್ನಾಯುವಿಗೆ ಪೆಟ್ಟಾಗಿ ನವೆಂಬರ್‌ವರೆಗೆ ಹೊರಗುಳಿದರು. ಒಪ್ಪಂದ 2028ರವರೆಗಿದೆ, ಆಗ ಅವರಿಗೆ ಮೂವತ್ತೊಂದು. ಹತ್ತೊಂಬತ್ತರಿಂದ ಇಪ್ಪತ್ತೇಳರವರೆಗೆ ಹತ್ತಿದವನಿಗೆ ಮೇಲೆ ನಿಲ್ಲಲು ಸಿಗುವುದು ಮೂರೋ ನಾಲ್ಕೋ ವರ್ಷ. ಮರುಮಾರಾಟದ ಬೆಲೆ ಇಳಿಯುತ್ತಿರುವ ಆಟಗಾರನನ್ನು ಲೆಕ್ಕಿಗರು ಪ್ರತಿ ಬೇಸಿಗೆಯೂ ಮಾರುವ ಪಟ್ಟಿಯಲ್ಲಿ ಬರೆಯುತ್ತಾರೆ. 2023ರಿಂದ ಬಾರ್ಸಿಲೋನಾದ ಕ್ರೀಡಾ ನಿರ್ದೇಶಕರಾಗಿ ಆ ಪಟ್ಟಿಯ ಮುಂದೆ ಕುಳಿತಿರುವವರು, ಏಜೆಂಟ್ ಕೆಲಸ ಬಿಟ್ಟು ಬಂದ ಅದೇ ಡೆಕೊ.

ರಾಷ್ಟ್ರೀಯ ತಂಡಕ್ಕೂ ಅವರು ತಡವಾಗಿಯೇ ಬಂದದ್ದು, ಅದೂ ಕೂದಲೆಳೆಯಲ್ಲಿ. ಬೆಲೊಲಿ ಎಂಬ ಮನೆತನದ ಹೆಸರೇ ಹೇಳುವಂತೆ ಪೂರ್ವಜರು ಇಟಲಿಯವರು. ಸಾಂತಾ ಕಟರೀನಾದಲ್ಲಿ ಹುಟ್ಟಿ ಇಟಲಿಗೆ ಆಡುತ್ತಿದ್ದ ಜೊರ್ಜೀನ್ಯೊ ಒತ್ತಾಯಿಸುತ್ತಿದ್ದರು, ತಾನು ಒಪ್ಪುವ ಅಂಚಿನಲ್ಲಿದ್ದೆ, ಪಾಸ್‌ಪೋರ್ಟ್ ಸಮಯಕ್ಕೆ ಬರಲಿಲ್ಲ ಎಂದು ರಫೀನ್ಯಾ ಹೇಳಿದ್ದಾರೆ. 2021ರಲ್ಲಿ ನಡೆದ ಯೂರೊ ಕಪ್ ಗೆದ್ದದ್ದು ಇಟಲಿ. ಅದೇ ಅಕ್ಟೋಬರ್‌ನಲ್ಲಿ ರಫೀನ್ಯಾ ಬ್ರೆಜಿಲ್‌ನ ಹಳದಿ ಅಂಗಿ ತೊಟ್ಟರು. ಅಲ್ಲಿ ಕ್ಲಬ್‌ನ ಹೊಳಪು ಅಷ್ಟಾಗಿ ಕಂಡಿಲ್ಲ. 2022ರ ವಿಶ್ವಕಪ್‌ನಲ್ಲಿ ಗೋಲಿಲ್ಲ. 2025ರ ಮಾರ್ಚ್‌ನಲ್ಲಿ ಅರ್ಜೆಂಟೀನಾಗೆ ಸರಿಯಾಗಿ ಬಾರಿಸುತ್ತೇವೆ ಎಂಬ ಧಾಟಿಯಲ್ಲಿ ಪಂದ್ಯಕ್ಕೆ ಮೊದಲೇ ಮಾತಾಡಿ, ಬ್ಯೂನಸ್ ಐರಿಸ್‌ನಲ್ಲಿ 1–4ರಿಂದ ಸೋತು ಬಾಯಿ ಸುಟ್ಟುಕೊಂಡರು. ಕೋಚ್ ಡೊರಿವಲ್ ಮನೆಗೆ ಹೋದರು, ಆಂಚೆಲೊಟ್ಟಿ ಬಂದರು, ಬ್ರೆಜಿಲ್ ದಕ್ಷಿಣ ಅಮೆರಿಕದ ಅರ್ಹತಾ ಸುತ್ತನ್ನು ಐದನೇ ಸ್ಥಾನದಲ್ಲಿ ಮುಗಿಸಿತು.

ಇಷ್ಟೆಲ್ಲ ನೋಡಿದ ಮೇಲೂ ಬ್ರೆಜಿಲ್‌ನ ಕ್ಲಬ್‌ಗಳು ಹಸಿಕಾಯಿ ಮಾರುವುದನ್ನು ನಿಲ್ಲಿಸುತ್ತಿಲ್ಲ. ಬಡತನ ಎಂದು ಹೇಳಿ ಮುಗಿಸುವಂತೆಯೂ ಇಲ್ಲ. 2019ರಿಂದ 2025ರವರೆಗೆ ದಕ್ಷಿಣ ಅಮೆರಿಕದ ಅತಿ ದೊಡ್ಡ ಕಪ್ ಆದ ಲಿಬರ್ಟಡೋರೆಸ್ ಒಮ್ಮೆಯೂ ಬ್ರೆಜಿಲ್‌ನಿಂದ ಹೊರಗೆ ಹೋಗಿಲ್ಲ. ಹಣ ಬಂದಿದೆ. ಆದರೆ ಬಜೆಟ್ ಬರೆಯುವಾಗಲೇ ಆಟಗಾರರ ಮಾರಾಟವನ್ನು ಆದಾಯದ ಸಾಲಿನಲ್ಲಿ ಬರೆದಿಡುವ ಅಭ್ಯಾಸ ಹೋಗಿಲ್ಲ. ಮೊಣಕಾಲು ಮುರಿದರೆ, ಆಟ ಮಂಕಾದರೆ ಎಂಬ ಭಯ ಒಂದು ಕಡೆ. ಇಪ್ಪತ್ತೆರಡು ದಾಟಿದರೆ ಯುರೋಪ್ ಕಣ್ಣೆತ್ತಿ ನೋಡುವುದಿಲ್ಲ ಎಂಬ ಅನುಭವ ಇನ್ನೊಂದು ಕಡೆ. ಕೊಳ್ಳುವವನು ಮೊಳಕೆಗೆ ಮಾತ್ರ ಬೆಲೆ ಕೊಡುತ್ತಿರುವಾಗ ಬೆಳೆಸಿ ಮಾರು ಎಂದು ರೈತನಿಗೆ ಉಪದೇಶಿಸುವುದು ಸುಲಭ.

ಬೆಳೆಸಿದವರಿಗೆ ಫಿಫಾ ಒಂದು ಸಣ್ಣ ಪಾಲನ್ನು ಕಾದಿರಿಸಿದೆ. ವರ್ಗಾವಣೆ ಮೊತ್ತದ ಶೇ 5ರಷ್ಟನ್ನು ಆಟಗಾರ ಹನ್ನೆರಡರಿಂದ ಇಪ್ಪತ್ತಮೂರರವರೆಗೆ ನೋಂದಾಯಿಸಿಕೊಂಡಿದ್ದ ಕ್ಲಬ್‌ಗಳಿಗೆ ಹಂಚಬೇಕು. ಹದಿನಾರರ ನಂತರ ವರ್ಷಕ್ಕೆ ಅರ್ಧ ಶೇಕಡಾ. ಬಾರ್ಸಿಲೋನಾ ಕೊಟ್ಟ 5.8 ಕೋಟಿಯ ಲೆಕ್ಕದಲ್ಲಿ ಅವಾಯ್‌ನಂಥ ಕ್ಲಬ್‌ಗೆ ಒಂದು ಪೂರ್ತಿ ಋತುವಿನ ಪಾಲು 2.9 ಲಕ್ಷ ಯೂರೊ. ನೋಂದಣಿ ಇಲ್ಲದ ರೆಸ್ಟಿಂಗಾದ ಮಣ್ಣಿನ ಮೈದಾನಗಳು ಈ ಲೆಕ್ಕದಲ್ಲೇ ಬರುವುದಿಲ್ಲ.

ಈ ಪಾಲು ಎಂಥ ವಿಚಿತ್ರ ಜಾಗದಿಂದ ಬರಬಹುದು ಎಂಬುದನ್ನು ಅದೇ ಕ್ಲಬ್ ವಿಶ್ವಕಪ್‌ನ ಸೆಮಿಫೈನಲ್ ತೋರಿಸಿತು. 2025ರ ಜುಲೈ 8, ಚೆಲ್ಸಿ ಎದುರು ರಿಯೊದ ಫ್ಲುಮಿನೆನ್ಸ್. ಚೆಲ್ಸಿ 2–0ಯಿಂದ ಗೆದ್ದಿತು. ಎರಡೂ ಗೋಲು ಹೊಡೆದ ಜೊವಾವ್ ಪೆಡ್ರೊ ಫ್ಲುಮಿನೆನ್ಸ್ ಬೆಳೆಸಿದ ಹುಡುಗ, ಹಿರಿಯರ ತಂಡಕ್ಕೆ ಆಡುವ ಮುನ್ನವೇ ಇಂಗ್ಲೆಂಡಿನ ವಾಟ್‌ಫರ್ಡ್‌ಗೆ ಮಾರಾಟವಾದವರು. ಗೋಲು ಹೊಡೆದು ಅವರು ಕುಣಿಯಲಿಲ್ಲ. ಎರಡೂ ಅಂಗೈ ಎತ್ತಿ ಕ್ಷಮೆ ಕೇಳುವವರಂತೆ ನಿಂತರು. ಚೆಲ್ಸಿ ಅವರನ್ನು ಬ್ರೈಟನ್‌ನಿಂದ ಕೊಂಡು ಆಗ ಒಂದು ವಾರವೂ ಆಗಿರಲಿಲ್ಲ. ಆ ಖರೀದಿಯ ಹಣದಲ್ಲಿ ತರಬೇತಿ ಕೊಟ್ಟ ಕ್ಲಬ್‌ಗೆ ಸಲ್ಲಬೇಕಾದ ಪಾಲು ಫ್ಲುಮಿನೆನ್ಸ್‌ನದ್ದು.